ತಾಯಿತಂದೆಗಳ ಧನವೂ ಪರಧನವೇ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಳೆದ ಅಮಾವಾಸ್ಯೆಯ ಗೋಷ್ಠಿಯಲ್ಲಿ ಮಾಹೇಶ್ವರಸ್ಥಲದ ವಿಚಾರವನ್ನು ನಿರೂಪಿಸಿದ್ದೆವು. ಪರಧನ, ಪರಸ್ತ್ರೀ, ಪರದೈವಗಳನ್ನು ಒಲ್ಲದ ನಿಷ್ಠೆಯುಳ್ಳವನು ಮಾಹೇಶ್ವರನೆಂದು ಅಂದು ವಿವರಿಸಿದ್ದು ನಿಮಗೆ ನೆನಪಿರಬಹುದು. ಗೋಷ್ಠಿ ಮುಗಿದು ನಾವು ಏಳುವಾಗ ಒಬ್ಬ ತರುಣ ಭಕ್ತರು ಒಂದು ಚೀಟಿಯನ್ನು ಕಳುಹಿಸಿದರು. ಅದರಲ್ಲಿ ಒಂದೇ ಪ್ರಶ್ನೆ ಇತ್ತು: “ತಂದೆಯ ಆಸ್ತಿ ಮಗನಿಗೆ ಪರಧನವಾಗುತ್ತದೆಯೇ?”

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡದ್ದರಿಂದಲೇ ಇಂದು ಎಷ್ಟೋ ಮನೆಗಳಲ್ಲಿ ಮುದುಕರು ಕಣ್ಣೀರಿನಲ್ಲಿ ಕೈ ತೊಳೆಯುತ್ತಿದ್ದಾರೆ. ಕ್ರಮದಂತೆ ಇಂದು ಪ್ರಸಾದಿಸ್ಥಲದ ನಿರೂಪಣೆ ಆಗಬೇಕಾಗಿತ್ತು. ಆ ಚೀಟಿಗೆ ಉತ್ತರ ಹೇಳದೆ ಮುಂದಿನ ಸ್ಥಲಕ್ಕೆ ಹೋಗುವುದು ಸರಿಯಲ್ಲವೆಂದು ನಮಗೆ ತೋರಿತು. ನಿಜವಾಗಿ ನೋಡಿದರೆ ಇದು ಪ್ರಸಾದಿಸ್ಥಲಕ್ಕೆ ಹೊರತಾದ ಮಾತೂ ಅಲ್ಲ. ಕೊಟ್ಟದ್ದು ಪ್ರಸಾದ; ಕಿತ್ತುಕೊಂಡದ್ದು ಎಂದಿಗೂ ಪ್ರಸಾದವಾಗದು.

ಮೊದಲು ಪರಧನವೆಂದರೇನು ಎಂಬುದನ್ನು ತಿಳಿಯಬೇಕು. ನಾಳೆ ಯಾರಿಗೆ ಸೇರುವುದು ಎಂಬುದರ ಮೇಲೆ ಧನದ ಒಡೆತನ ನಿರ್ಣಯವಾಗುವುದಿಲ್ಲ. ಇಂದು ಯಾರದು ಎಂಬುದರ ಮೇಲೆ ನಿರ್ಣಯವಾಗುತ್ತದೆ. ನೀವು ಒಕ್ಕಲುಮಕ್ಕಳು, ನಿಮಗೆ ಹೇಳಬೇಕಾದುದಿಲ್ಲ. ಹೊಲದಲ್ಲಿಯ ಜೋಳ ಸುಗ್ಗಿಗೆ ನಮ್ಮ ಕಣಕ್ಕೇ ಬರುವುದು. ಹಾಗೆಂದು ಹಾಲುದೆನೆಯನ್ನೇ ಕೊಯ್ದುಕೊಂಡರೆ ಕಾಳೂ ಇಲ್ಲ, ಬೀಜವೂ ಇಲ್ಲ. ತಂದೆತಾಯಿಗಳು ಜೀವಂತರಿರುವಾಗಲೇ ಅವರ ಗಂಟಿಗೆ ಕೈ ಹಾಕುವ ಮಗನು ಹಾಲುದೆನೆ ಕೊಯ್ಯುವವನಂತೆ. ಅವನಿಗೆ ಧನ ದಕ್ಕಿದಂತೆ ಕಂಡರೂ ಆಶೀರ್ವಾದವೆಂಬ ಬೀಜ ನಷ್ಟವಾಗುತ್ತದೆ.

ಇಲ್ಲಿ ಒಬ್ಬರು ಶಾಸ್ತ್ರವನ್ನು ಮುಂದೆ ಮಾಡಬಹುದು. “ಮಗನಿಗೆ ಹುಟ್ಟಿನಿಂದಲೇ ಆಸ್ತಿಯಲ್ಲಿ ಹಕ್ಕುಂಟಲ್ಲ, ಬುದ್ಧಿ?” ಎನ್ನಬಹುದು. ಈ ಹಕ್ಕಿನ ಮಾತನ್ನು ವಿಸ್ತಾರವಾಗಿ ಪ್ರತಿಪಾದಿಸಿದ ಗ್ರಂಥವು ಮಿತಾಕ್ಷರ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರರು ಬರೆದ ವ್ಯಾಖ್ಯಾನ. ಬರೆದದ್ದು ಬೇರೆಲ್ಲಿಯೂ ಅಲ್ಲ, ನಮ್ಮ ಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಮುಂದೆ ಅದೇ ಕಲ್ಯಾಣದಲ್ಲಿಯೇ ಬಸವಣ್ಣನವರು ಮಹಾಮನೆಯನ್ನು ಕಟ್ಟಿದರು. ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ಆಸ್ತಿಯ ನ್ಯಾಯವನ್ನು ಹೇಳಿದ ಗ್ರಂಥವು ಕನ್ನಡ ನೆಲದಲ್ಲಿ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ.

ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಬರುತ್ತದೆ ಎಂಬ ಮಾತು ಅಲ್ಲಿದೆ, ನಿಜ. 1956ರ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಗಿ ಆ ಹಕ್ಕು ಹೆಣ್ಣುಮಕ್ಕಳಿಗೂ ಸಮನಾಗಿ ದೊರೆತಿದೆ. ಹಕ್ಕಿದ್ದವರು ನ್ಯಾಯವಾಗಿ ವಾಟ್ನಿ ಮಾಡಿಕೊಳ್ಳಲಿ, ಅದನ್ನು ಬೇಡವೆನ್ನುವವರಿಲ್ಲ. ಆದರೆ ವಾಟ್ನಿಯಲ್ಲಿ ತಂದೆಗೆ ಬಂದ ಪಾಲು ತಂದೆಯದು. ತಂದೆ ಸ್ವಂತ ದುಡಿದು ಗಳಿಸಿದ್ದು ಅವರು ಇರುವ ತನಕ ಅವರದೇ. ತಾಯಿಯ ಹೆಸರಿನಲ್ಲಿರುವ ಹೊಲ, ಆಕೆಯ ಮೈಮೇಲಿನ ಬಂಗಾರ ಪೂರ್ಣವಾಗಿ ಆಕೆಯದು. ಆಕೆಯ ಗಂಡನಿಗೂ ಅದರ ಮೇಲೆ ಒಡೆತನವಿಲ್ಲ, ಮಕ್ಕಳಿಗೂ ಇಲ್ಲ. ಆದ್ದರಿಂದ ಚೀಟಿ ಬರೆದ ತರುಣರಿಗೆ ನಾವು ಕೊಡುವ ಉತ್ತರ ಇದು: ತಾಯಿತಂದೆಗಳು ಜೀವಂತರಿರುವ ತನಕ ಅವರ ಧನವು ಮಕ್ಕಳಿಗೂ ಪರಧನವೇ.

ಅದೇ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇನ್ನೊಂದು ಪ್ರಕರಣವಿದೆ. ಹಕ್ಕಿನ ಮಾತು ಆಡುವವರು ಅದನ್ನು ಓದುವುದಿಲ್ಲ. ಅದರ ಹೆಸರು ಉಪನಿಧಿ ಪ್ರಕರಣ. ಉಪನಿಧಿ ಎಂದರೆ ಪೆಟ್ಟಿಗೆಯಲ್ಲಿಟ್ಟು, ಒಳಗೇನಿದೆಯೆಂದು ಹೇಳದೆ, ನಂಬಿಕೆಯಿಂದ ಇನ್ನೊಬ್ಬರ ಕೈಯಲ್ಲಿ ಇಟ್ಟ ವಸ್ತು. ಇಟ್ಟುಕೊಂಡವನು ಅದನ್ನು ಇದ್ದಂತೆಯೇ ಹಿಂದಿರುಗಿಸಬೇಕು. ಕಳ್ಳರು ಒಯ್ದರೆ, ದೈವಿಕವಾಗಿ ನಾಶವಾದರೆ ಅವನ ಮೇಲೆ ದೋಷವಿಲ್ಲ. ತನ್ನ ಇಚ್ಛೆಯಿಂದ ಅದನ್ನು ಬಳಸಿಕೊಂಡು ಬದುಕಿದರೆ ಅವನು ದಂಡಕ್ಕೆ ಅರ್ಹ. ಮೂಲವನ್ನು ವೃದ್ಧಿಸಹಿತ ಕೊಡಬೇಕು. ಇದು ಅಲ್ಲಿಯ ತೀರ್ಮಾನ.

ವೃದ್ಧರಾದ ತಂದೆತಾಯಿಗಳು ಹೀಗೆಯೇ ತಮ್ಮ ಬದುಕನ್ನು ಮಕ್ಕಳ ಕೈಯಲ್ಲಿಡುತ್ತಾರೆ. ಪಾಸ್‌ಬುಕ್ಕು, ಉತಾರ, ಕಪಾಟಿನ ಕೀಲಿಕೈ, ಔಷಧದ ಚೀಟಿ ಎಲ್ಲವನ್ನೂ “ನೀನೇ ನೋಡಿಕೋ ಮಗನೇ” ಎಂದು ಕೊಟ್ಟುಬಿಡುತ್ತಾರೆ. ಲೆಕ್ಕ ಕೇಳುವುದಿಲ್ಲ. ಲೆಕ್ಕ ಕೇಳದೆ ಇಟ್ಟದ್ದಕ್ಕೇ ಉಪನಿಧಿ ಎಂದು ಹೆಸರು. ಅದನ್ನು ಶಿವನು ನಮ್ಮ ಕೈಯಲ್ಲಿಟ್ಟ ನಿಕ್ಷೇಪವೆಂದು ಭಾವಿಸಬೇಕು.

ಎರಡು ವರ್ಷದ ಹಿಂದಿನ ಮಾತು. ಬೆಳಗಿನ ಪೂಜೆ ಮುಗಿದ ಮೇಲೆ ಎಂಬತ್ತರ ಹತ್ತಿರದ ಒಬ್ಬ ತಾಯಿ ಶ್ರೀಮಠಕ್ಕೆ ಬಂದರು. ಪಿಂಚಣಿಯ ಕಾಗದವೆಂದು ಹೇಳಿ ಮಕ್ಕಳು ಅವರನ್ನು ತಾಲೂಕಿನ ಊರಿಗೆ ಕರೆದುಕೊಂಡು ಹೋಗಿದ್ದರು. ಹೆಬ್ಬೆಟ್ಟು ಒತ್ತಿಸಿದರು, ಹೋಟೆಲಿನಲ್ಲಿ ಚಹಾ ಕುಡಿಸಿ ಕರೆತಂದರು. ಆರು ತಿಂಗಳಾದ ಮೇಲೆ ತಿಳಿಯಿತು, ಅದು ಹಕ್ಕು ಬಿಟ್ಟುಕೊಟ್ಟ ಪತ್ರ. ತವರಿನವರು ಕೊಟ್ಟ ನಾಲ್ಕು ಎಕರೆ ಎರಿಹೊಲ ಅವರ ಹೆಸರಿನಿಂದ ಹೋಗಿತ್ತು. ನಾವು ಸಮಾಧಾನ ಹೇಳಲು ತೊಡಗಿದಾಗ ಆ ತಾಯಿ ಅಂದರು: “ಅಜ್ಜಾರ, ಹೊಲಾ ಹೋತಂತ ನಾ ಅಳಾಕ ಹತ್ತಿಲ್ರೀ. ನಾ ಸತ್ತ ಮ್ಯಾಲ ಅದು ಅವರಿಗೇ ಹೋಗೂದಿತ್ತು. ಒಂದು ಮಾತು ಕೇಳಿದ್ರ ನಾನೇ ಕೊಡ್ತಿದ್ನಿ. ಕೇಳಲಾರದ ಹೆಬ್ಬಟ್ಟ ಒತ್ತಿಸಿಕೊಂಡ್ರಲ್ರೀ.”

ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಕೇಳಿದ್ದರೆ ಅದು ತಾಯಿ ಕೊಟ್ಟ ಪ್ರಸಾದವಾಗುತ್ತಿತ್ತು. ಕೇಳದೆ ಪಡೆದದ್ದರಿಂದ ಅದು ಚೌರ್ಯವಾಯಿತು. ಹೊಲ ಒಂದೇ, ಪಡೆದವರೂ ಅವರೇ. ನಾವು ಆ ಇಬ್ಬರು ಗಂಡುಮಕ್ಕಳನ್ನು ಕರೆಸಿದೆವು. “ನಾವೇನು ಬ್ಯಾರೇವರದು ಕಸಗೊಂಡೀವೇನ್ರೀ ಅಜ್ಜಾರ?” ಎಂದು ಹಿರಿಯವನು ಕೇಳಿದ. ತಾನು ಮಾಡಿದ್ದು ತಪ್ಪೆಂಬ ತಿಳಿವಳಿಕೆಯೇ ಅವನಿಗೆ ಇದ್ದಿಲ್ಲ. ಬಹಳ ಹೊತ್ತು ಮಾತಾಡಿದ ಮೇಲೆ ಎರಡು ಎಕರೆಯನ್ನು ತಾಯಿಯ ಹೆಸರಿಗೆ ಮರಳಿ ಮಾಡಿಕೊಟ್ಟರು. ಕಾಗದ ಸರಿಯಾಯಿತು. ಆ ತಾಯಿಯ ಮನಸ್ಸು ಸರಿಯಾಯಿತೆಂದು ನಾವು ಹೇಳಲಾರೆವು.

ವೃದ್ಧ ಎಂಬ ಶಬ್ದವನ್ನು ನೋಡಿರಿ. ವೃಧ್ ಎಂಬ ಧಾತುವಿಗೆ ಬೆಳೆಯುವುದು, ಹೆಚ್ಚುವುದು ಎಂದರ್ಥ. ವೃದ್ಧಿ ಎಂಬ ಶಬ್ದವೂ ಅಲ್ಲಿಂದಲೇ ಬಂದಿತು. ಹಾಗಾಗಿ ವೃದ್ಧನೆಂದರೆ ಸವೆದವನಲ್ಲ, ಬೆಳೆದವನು. ನಾವಾದರೋ ಕಣ್ಣು ಮಂಜಾಯಿತು, ಕೈ ನಡುಗಿತು ಎಂದಾಕ್ಷಣ ಬುದ್ಧಿಯೂ ಹೋಯಿತೆಂದು ತಿಳಿಯುತ್ತೇವೆ. ಮನೆಯ ವ್ಯವಹಾರದಲ್ಲಿ ಅವರನ್ನು ಕೇಳುವುದನ್ನು ಬಿಡುತ್ತೇವೆ. ಕಳ್ಳತನವು ಹಣದಿಂದ ಪ್ರಾರಂಭವಾಗುವುದಿಲ್ಲ. ಹಿರಿಯರನ್ನು ಕೇಳುವುದನ್ನು ಬಿಟ್ಟ ದಿನವೇ ಪ್ರಾರಂಭವಾಗುತ್ತದೆ.

ಈ ಕಳ್ಳತನಕ್ಕೆ ಇಂದು ಹಲವು ರೂಪಗಳಿವೆ. ಸಂಧ್ಯಾ ಸುರಕ್ಷಾ ಯೋಜನೆಯ ಹಣ ಅಜ್ಜನ ಖಾತೆಗೆ ಬರುತ್ತದೆ; ಎ.ಟಿ.ಎಂ. ಕಾರ್ಡು ಮೊಮ್ಮಗನ ಕಿಸೆಯಲ್ಲಿರುತ್ತದೆ. 2023ರಿಂದ ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದೆ. ಆ ಯಜಮಾನಿ ಎಲೆ ಅಡಿಕೆಗೆ ಸೊಸೆಯ ಮುಂದೆ ಕೈಯೊಡ್ಡುತ್ತಾಳೆ. ತಂದೆಯ ಹೊಲದ ಮೇಲೆ ಮಗ ಸಾಲ ತೆಗೆಯುತ್ತಾನೆ. ನೋಟೀಸು ಬಂದಾಗಲೇ ತಂದೆಗೆ ಗೊತ್ತಾಗುವುದು. ಬಂಗಾರವನ್ನು ಮದುವೆಗೆಂದು ಕಡ ಒಯ್ಯುತ್ತಾರೆ. ಮದುವೆಯಾಗಿ ಮಕ್ಕಳಾದರೂ ಅದು ಮರಳುವುದಿಲ್ಲ. ಇನ್ನು ತಿಂಗಳ ಪಾಳಿಯ ಮಾತನ್ನು ಏನು ಹೇಳೋಣ? ಹೊಲವನ್ನು ಹಂಚಿಕೊಂಡಂತೆ ಅವ್ವ ಅಪ್ಪನನ್ನೂ ಹಂಚಿಕೊಂಡು, ಐವತ್ತು ವರ್ಷ ಕೂಡಿ ಬಾಳಿದವರನ್ನು ಒಬ್ಬರನ್ನು ಧಾರವಾಡದಲ್ಲಿ, ಒಬ್ಬರನ್ನು ಪುಣೆಯಲ್ಲಿ ಇಡುವವರಿದ್ದಾರೆ. ತಿಂಗಳು ಮೂವತ್ತೊಂದು ದಿನದ್ದಾದರೆ ಆ ಒಂದು ದಿನ ಊಟಕ್ಕೆ ಯಾರು ಎಂದು ತಕರಾರು ಬೇರೆ!

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಆ ಕಾರಣದಿಂದಲೇ ಸರಕಾರ ಕಾನೂನು ಮಾಡಬೇಕಾಯಿತು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಅಧಿನಿಯಮವು ಬಂದಿತು. ತಂದೆತಾಯಿಗಳನ್ನು ಸಾಕಬೇಕೆಂದು ಪಾರ್ಲಿಮೆಂಟು ಕಾನೂನು ಬರೆಯಬೇಕಾಗಿ ಬಂದದ್ದು ಸಮಾಜಕ್ಕೆ ಶೋಭೆಯಲ್ಲ. ಆದರೂ ಬಂದದ್ದು ಒಳ್ಳೆಯದಾಯಿತು. ಅದರ ಸಾರವನ್ನು ಪ್ರತಿಯೊಬ್ಬ ಹಿರಿಯರೂ ತಿಳಿದಿರಬೇಕು.

ತಮ್ಮ ಉತ್ಪನ್ನದಿಂದ ಬದುಕಲಾರದ ತಂದೆತಾಯಿಗಳು ಮಕ್ಕಳಿಂದ ಪೋಷಣೆಯ ಹಣ ಕೇಳಬಹುದು. ಮಕ್ಕಳಿಲ್ಲದ, 60 ವರ್ಷ ದಾಟಿದ ಹಿರಿಯರು ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರಿಂದ ಕೇಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳು, ಅಂದರೆ ನೀವು ಎ.ಸಿ. ಸಾಹೇಬರು ಎನ್ನುವವರೇ, ಇದರ ನ್ಯಾಯಮಂಡಳಿಯ ಮುಖ್ಯಸ್ಥರು. ಅವರಿಗೆ ನೀವೇ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಪೋಷಣೆಯನ್ನು ಅವರು ಗೊತ್ತುಪಡಿಸಬಲ್ಲರು. ನೋಟೀಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕೆಂಬ ನಿಯಮವಿದೆ. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಎಲ್ಲಿಯಾದರೂ ಬಿಟ್ಟುಹೋದರೆ 3 ತಿಂಗಳವರೆಗೆ ಸೆರೆವಾಸವಾಗಬಹುದು, 5,000 ರೂಪಾಯಿವರೆಗೆ ದಂಡವಾಗಬಹುದು, ಎರಡೂ ಆಗಬಹುದು.

ಆ ಕಾನೂನಿನ 23ನೆಯ ಕಲಮು ಅತ್ಯಂತ ಮಹತ್ವದ್ದು. ನೋಡಿಕೊಳ್ಳುವೆನೆಂಬ ಕರಾರಿನ ಮೇಲೆ ಆಸ್ತಿಯನ್ನು ಬರೆಸಿಕೊಂಡವನು ನೋಡಿಕೊಳ್ಳದೆ ಹೋದರೆ, ಆ ಪತ್ರವನ್ನು ರದ್ದುಪಡಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಲಕ್ಷ್ಯಗೊಟ್ಟು ಕೇಳಿರಿ. ಕರಾರು ಇದ್ದುದು ಸಿದ್ಧವಾಗದಿದ್ದರೆ ಪತ್ರವನ್ನು ರದ್ದು ಮಾಡಲಾಗದೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಒಂದು ತೀರ್ಪಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಮುಂದೆ ಮಧ್ಯಪ್ರದೇಶದ ಒಬ್ಬ ತಾಯಿಯ ಮೊಕದ್ದಮೆ ಬಂದಿತು. ಮಗನು ನೋಡಿಕೊಳ್ಳುವೆನೆಂದು ಬರೆದುಕೊಟ್ಟ ವಚನಪತ್ರ ಆಕೆಯ ಕೈಯಲ್ಲಿತ್ತು. ನ್ಯಾಯಾಲಯವು ದಾನಪತ್ರವನ್ನು ರದ್ದುಗೊಳಿಸಿ, ಆಸ್ತಿಯನ್ನು ತಾಯಿಗೆ ಮರಳಿ ಕೊಡಬೇಕೆಂದು ಆಜ್ಞೆ ಮಾಡಿತು; ಈ ಕಾನೂನನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದೂ ಹೇಳಿತು. ಬಾಯಿಮಾತಿನ ಭರವಸೆ ಗಾಳಿಗೆ ಹೋಗುತ್ತದೆ, ಬರೆದ ಮಾತು ನಿಲ್ಲುತ್ತದೆ. ಕೊಡುವುದೇ ಆದರೆ “ನಮ್ಮನ್ನು ಕೊನೆಯ ತನಕ ನೋಡಿಕೊಳ್ಳಬೇಕು” ಎಂಬ ಕರಾರನ್ನು ಪತ್ರದಲ್ಲಿಯೇ ಬರೆಸಿರಿ. ಒಳ್ಳೆಯ ಮಗನಿಗೆ ಆ ಸಾಲಿನಿಂದ ಅವಮಾನವಿಲ್ಲ. ಅವಮಾನವೆನ್ನುವವನ ಬಗೆಗೆ ಎಚ್ಚರವಿರಲಿ.

ದಾನಪತ್ರಕ್ಕೂ ಮೃತ್ಯುಪತ್ರಕ್ಕೂ ಇರುವ ಭೇದವು ಬಹಳ ಮಂದಿಗೆ ತಿಳಿದಿಲ್ಲ. ದಾನಪತ್ರ ಅಥವಾ ಬಕ್ಷೀಸುಪತ್ರ ನೋಂದಣಿಯಾಯಿತೆಂದರೆ ಒಡೆತನ ಅಂದೇ ದಾಟಿತು. ನೀವು ನಿಮ್ಮ ಮನೆಯಲ್ಲಿಯೇ ಅತಿಥಿಗಳಾದಿರಿ. ಮೃತ್ಯುಪತ್ರವು ನೀವು ಲಿಂಗೈಕ್ಯರಾದ ಮೇಲೆ ಮಾತ್ರ ಜಾರಿಗೆ ಬರುತ್ತದೆ. ಅಲ್ಲಿಯ ತನಕ ಎಷ್ಟು ಸಾರಿಯಾದರೂ ಅದನ್ನು ಬದಲಿಸಬಹುದು. ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಕ್ಷೇಮ. ಮಕ್ಕಳ ಮೇಲಿನ ಮೋಹದಿಂದ ಕೈ ಬರಿದು ಮಾಡಿಕೊಳ್ಳಬೇಡಿರಿ. ಕೊಟ್ಟವನು ಕೋಡಂಗಿ, ಇಸಗೊಂಡವನು ವೀರಭದ್ರ ಎಂದು ನಮ್ಮ ಹಿರಿಯರು ಸುಮ್ಮನೆ ಅಂದಿಲ್ಲ. ಮುಖತ್ಯಾರ ಪತ್ರಕ್ಕೆ ಸಹಿ ಹಾಕುವ ಮೊದಲು ಅದನ್ನು ಸಂಬಂಧವಿಲ್ಲದ ಮೂರನೆಯವರಿಂದ ಓದಿಸಿ ಕೇಳಿರಿ. ಸಹಿಗೆ ಅವಸರ ಮಾಡುವವನು ಯಾರೇ ಇರಲಿ, “ಒಂದು ರಾತ್ರಿ ತಾಳಪ್ಪಾ” ಎಂದು ಹೇಳಿರಿ. ಸತ್ಯವಾದ ಕಾಗದ ಒಂದು ರಾತ್ರಿ ಕಾಯುತ್ತದೆ.

ಇನ್ನು ಹೊರಗಿನ ಕಳ್ಳರ ವಿಚಾರ. ಹಿಂದೆ ಕಳ್ಳನು ಕನ್ನ ಕೊರೆದು ಬರುತ್ತಿದ್ದ. ಇಂದು ಫೋನಿನಲ್ಲಿ ಬರುತ್ತಾನೆ. ಪೊಲೀಸನ ಉಡುಪು ಧರಿಸಿ, ಹೆಸರು ಹಿಡಿದು ಕರೆದು ಬರುತ್ತಾನೆ. “ನಿಮ್ಮ ಹೆಸರಿನ ಪಾರ್ಸಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬೇಡಿರಿ, ಪರಿಶೀಲನೆಗಾಗಿ ಹಣವನ್ನು ಈ ಖಾತೆಗೆ ಕಳುಹಿಸಿರಿ” ಎಂದು ಗದರಿಸುತ್ತಾನೆ. ಅಂಥ ಬಂಧನವು ಕಾನೂನಿನಲ್ಲಿಯೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರಿನಲ್ಲಿ ಆಕಾಶವಾಣಿಯ ತಮ್ಮ ಭಾಷಣದಲ್ಲಿ ದೇಶಕ್ಕೆಲ್ಲ ಹೇಳಿದರು. ಅದಾದ ಮೇಲೂ, 2025ರ ಮಾರ್ಚಿಯಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ವೃದ್ಧ ದಂಪತಿಗಳು ಇಂಥ ಕರೆಗಳಿಗೆ ಅಂಜಿ ಹಣವನ್ನೂ ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಅದೇ ವರ್ಷ ಹರಿಯಾಣದ ವೃದ್ಧ ದಂಪತಿಗಳಿಗೆ ಕಳ್ಳರು ಸುಪ್ರೀಂ ಕೋರ್ಟಿನ ಖೊಟ್ಟಿ ಆದೇಶವನ್ನೇ ತೋರಿಸಿದ್ದರು. ಅವರ ದೂರನ್ನು ನೋಡಿ ಆ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಇಂಥ ಕರೆ ಬಂದರೆ ಮಾಡಬೇಕಾದದ್ದು ಇಷ್ಟೇ. ಫೋನನ್ನು ಇಟ್ಟುಬಿಡಿರಿ. ಮನೆಯವರಿಗೆ ಹೇಳಿರಿ. “ಯಾರಿಗೂ ಹೇಳಬೇಡಿ” ಎಂಬ ಮಾತು ಬಂದಿತೆಂದರೆ ಆಡುತ್ತಿರುವವನು ಕಳ್ಳನೆಂದು ತಿಳಿಯಿರಿ. ಬ್ಯಾಂಕಿನವರೆಂದು ಹೇಳಿ ಫೋನಿಗೆ ಬಂದ ಅಂಕಿಯನ್ನು, ಅಂದರೆ ಓ.ಟಿ.ಪಿ.ಯನ್ನು ಕೇಳುವವನೂ ಕಳ್ಳನೇ. ನವಂಬರದಲ್ಲಿ ಪಿಂಚಣಿದಾರರು ಜೀವಂತವಿರುವ ಪ್ರಮಾಣಪತ್ರ ಕೊಡುವ ಹೊತ್ತಿಗೆ, ಆ ನೆಪ ಹೇಳಿ ಕರೆ ಮಾಡುವವರಿದ್ದಾರೆ. ಆ ಕೆಲಸವನ್ನು ಬ್ಯಾಂಕಿಗೆ ಅಥವಾ ಅಂಚೆ ಕಚೇರಿಗೆ ಹೋಗಿಯೇ ಮಾಡಿರಿ. ಹೆಬ್ಬೆಟ್ಟಿನ ಗುರುತಿನಿಂದಲೇ ಆಧಾರ್ ಮೂಲಕ ಖಾತೆಯ ಹಣ ತೆಗೆಯುವ ವ್ಯವಸ್ಥೆ ಈಗ ಇದೆ. ಅಪರಿಚಿತರ ಯಂತ್ರದ ಮೇಲೆ ಬೆರಳು ಇಡಬೇಡಿರಿ. ಹಣ ಹೋಗಿಯೇ ಬಿಟ್ಟಿದ್ದರೆ ಕೂಡಲೇ 1930 ಸಂಖ್ಯೆಗೆ ಫೋನು ಮಾಡಿರಿ. ಎಷ್ಟು ಬೇಗ ತಿಳಿಸಿದರೆ ಕಳ್ಳನ ಖಾತೆಯಲ್ಲಿ ಹಣವನ್ನು ತಡೆಹಿಡಿಯುವ ಸಂಭವ ಅಷ್ಟು ಹೆಚ್ಚು. ಹಿರಿಯರ ಬೇರೆ ಯಾವುದೇ ಸಂಕಟಕ್ಕೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಹೆಚ್ಚು ಬಡ್ಡಿಯ ಆಸೆಯೂ ಒಂದು ಬಲೆಯೇ. ನಿವೃತ್ತಿಯ ಗಂಟನ್ನೆಲ್ಲ ಒಂದೇ ಕಡೆ ಇಟ್ಟವರ ಗತಿ ಏನಾಗುತ್ತದೆಂಬುದನ್ನು ನಮ್ಮ ರಾಜ್ಯ ನೋಡಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಖಾತೆಯಲ್ಲಿ ಎಷ್ಟೇ ಇದ್ದರೂ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ; ಬಾಗಿಲ ಮುಂದೆ ನಿಂತವರಲ್ಲಿ ಮುದುಕರೇ ಬಹಳ. ಆ ವರ್ಷದ ಫೆಬ್ರುವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಿಮೆ ಇದೆ. ಚೀಟಿ ವ್ಯವಹಾರಕ್ಕೆ, ದುಪ್ಪಟ್ಟು ಮಾಡಿಕೊಡುವವರ ಕಂಪನಿಗಳಿಗೆ ಅಂಥ ವಿಮೆ ಇಲ್ಲ. ಶ್ರಮವಿಲ್ಲದೆ ದುಪ್ಪಟ್ಟಾಗುವ ಹಣವು ಕಾಯಕದ ಹಣವಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓದುಬರಹ ಬಲ್ಲವರು, ಆಫೀಸು ನಡೆಸಿ ನಿವೃತ್ತರಾದವರು ಕೂಡ ಈ ಕಳ್ಳರಿಗೆ ಏಕೆ ಸಿಕ್ಕಿಬೀಳುತ್ತಾರೆ? ಬುದ್ಧಿಯ ಕೊರತೆಯಿಂದಲ್ಲ. ದಿನವಿಡೀ ಅವರೊಡನೆ ಮಾತಾಡುವವರಿಲ್ಲ, ಮಾತಾಡುವವನು ಕಳ್ಳನೊಬ್ಬನೇ. ಮೋಸಹೋದ ಮೇಲೆ ಅವರು ಏಕೆ ಹೇಳುವುದಿಲ್ಲ? “ಮುದುಕನಿಗೆ ಅರಳುಮರಳು” ಎಂದು ಮಕ್ಕಳು ಅಂದಾರೆಂಬ ಭಯ. ಕಳ್ಳನು ಒಬ್ಬಂಟಿತನದ ಬಾಗಿಲಿನಿಂದ ಒಳಗೆ ಬರುತ್ತಾನೆ, ನಾಚಿಕೆಯ ಬಾಗಿಲಿನಿಂದ ಪಾರಾಗಿ ಹೋಗುತ್ತಾನೆ. ಈ ಎರಡು ಬಾಗಿಲುಗಳನ್ನು ಮುಚ್ಚುವುದು ಪೊಲೀಸರಿಂದ ಆಗದು, ಮನೆಯವರಿಂದಲೇ ಆಗಬೇಕು. ಮೋಸಹೋದ ಹಿರಿಯರಿಗೆ “ನಿಮಗೆ ಅಷ್ಟೂ ತಿಳಿಯಲಿಲ್ಲವೇ?” ಎಂದು ಒಮ್ಮೆ ಅಂದರೆ ಮುಂದಿನ ಸಾರಿ ಅವರು ಹೇಳುವುದೇ ಇಲ್ಲ.

ಇನ್ನೊಂದು ಎಚ್ಚರಿಕೆಯನ್ನು ಒಳ್ಳೆಯ ಮಕ್ಕಳಿಗೇ ಹೇಳಬೇಕಾಗಿದೆ. ಹೊರಗಿನ ಕಳ್ಳರ ಭಯದಿಂದ ನೀವು ತಂದೆಯ ಫೋನನ್ನೂ ಪಾಸ್‌ಬುಕ್ಕನ್ನೂ ಕಸಿದು ಕಪಾಟಿನಲ್ಲಿಟ್ಟರೆ ಅದನ್ನು ರಕ್ಷಣೆ ಎನ್ನಲಾಗದು. ಕಳ್ಳನು ಹಣ ಒಯ್ದ. ನೀವು ಅವರ ಯಜಮಾನಿಕೆಯನ್ನು ಒಯ್ದಿರಿ. ಬ್ಯಾಂಕಿಗೆ ಅವರ ಜೊತೆ ಹೋಗಿರಿ. ಚೆಕ್ಕಿನ ಮೇಲೆ ಸಹಿ ಅವರೇ ಮಾಡಲಿ. ಅವರ ಹಣದಿಂದ ಔಷಧ ತಂದರೆ ಉಳಿದ ಚಿಲ್ಲರೆಯನ್ನು ಲೆಕ್ಕದೊಂದಿಗೆ ಅವರ ಕೈಗೇ ಕೊಡಿರಿ. ಜಾತ್ರೆಯಲ್ಲಿ ಮೊಮ್ಮಗಳ ಕೈಯಲ್ಲಿ ಹತ್ತು ರೂಪಾಯಿ ಇಡುವ ಅಜ್ಜಿಯ ಸಂತೋಷವು ಆ ಹಣ ಆಕೆಯದೇ ಆಗಿದ್ದಾಗ ಮಾತ್ರ ಸಂತೋಷ. ಮರೆವಿನ ರೋಗ ಬಂದು ಲೆಕ್ಕವೇ ತಿಳಿಯದ ಸ್ಥಿತಿ ಆದರೆ, ಆಗಲೂ ಒಬ್ಬನೇ ಮಗ ಎಲ್ಲವನ್ನೂ ಹಿಡಿಯದೆ, ಅಣ್ಣತಮ್ಮಂದಿರು ಅಕ್ಕತಂಗಿಯರು ಎಲ್ಲರಿಗೂ ಕಾಣುವಂತೆ ಲೆಕ್ಕದ ವಹಿ ಇಡಿರಿ. ಬೆಳಕಿನಲ್ಲಿಟ್ಟ ಲೆಕ್ಕಕ್ಕೆ ಸಂಶಯದ ಹುಳ ಹತ್ತುವುದಿಲ್ಲ.

ಆಯ್ದಕ್ಕಿ ಮಾರಯ್ಯನವರ ಮನೆಯ ಸಂಗತಿ ನಿಮಗೆಲ್ಲ ಗೊತ್ತು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚು ಬಂದಿತು. ಪತ್ನಿ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ತಿರುಗಿ ಕಳುಹಿಸಿದರು. ನೆಲಕ್ಕೆ ಬಿದ್ದ ಅಕ್ಕಿ ಅದು, ಯಾರೂ ಕೇಳುವವರಿರಲಿಲ್ಲ. ಆದರೂ ತಮ್ಮದಲ್ಲದ್ದು ಮನೆಯೊಳಗೆ ಬರಬಾರದೆಂಬ ನಿಷ್ಠೆ. ನಮ್ಮ ಮನೆಗಳ ಸೊಸೆಯಂದಿರಿಗೆ, ಮಗಳಂದಿರಿಗೆ ನಾವು ಹೇಳುವುದು ಇದೇ. ಗಂಡನು ಅತ್ತೆಯ ಹೆಬ್ಬೆಟ್ಟಿನ ಕಾಗದವನ್ನು ಮನೆಗೆ ತಂದ ದಿನ ನೀವು ಲಕ್ಕಮ್ಮನವರಾಗಿರಿ. “ಅತ್ತೆಯವರನ್ನು ಕೇಳಿದಿರಾ?” ಎಂಬ ಒಂದು ಪ್ರಶ್ನೆ ಕೇಳಿರಿ. ಆ ಒಂದು ಪ್ರಶ್ನೆಯಿಂದ ಒಂದು ಮನೆ ಉಳಿಯುತ್ತದೆ.

ಲೋಕಕ್ಕೆಲ್ಲ ಹೇಳಿ ಮಠವನ್ನು ಬಿಟ್ಟರೆ ಈ ಮಾತಿಗೆ ಬೆಲೆಯಿಲ್ಲ. ವೃದ್ಧ ಭಕ್ತರು ಮಕ್ಕಳ ಮೇಲಿನ ಸಿಟ್ಟಿನಿಂದಲೋ, ಭಕ್ತಿಯ ಆವೇಶದಿಂದಲೋ “ಇದ್ದದ್ದೆಲ್ಲ ಮಠಕ್ಕೆ” ಎಂದು ಬರುವುದುಂಟು. ತಮಗೆ ಇರಲು ಮನೆ, ಉಣ್ಣಲು ಅನ್ನದ ಆಧಾರ ಉಳಿಯದಂತೆ ಕೊಡುವ ಹೊಲಮನೆಯ ದಾನವನ್ನು ಶ್ರೀಮಠವು ಸ್ವೀಕರಿಸುವುದಿಲ್ಲ. ಮನೆಯವರಿಗೆ ತಿಳಿಸದೆ ಬರೆದ ಪತ್ರವನ್ನೂ ಸ್ವೀಕರಿಸುವುದಿಲ್ಲ. ಶ್ರೀಮಠದ ಹೆಸರು ಹೇಳಿ, ನಮ್ಮ ಭಾವಚಿತ್ರ ತೋರಿಸಿ, ಫೋನಿನಲ್ಲಿ ಕಾಣಿಕೆ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿರಿ. ಮಠಕ್ಕೆ ಬಂದು ಪಾವತಿ ಪಡೆದು ಕೊಟ್ಟದ್ದೇ ಕಾಣಿಕೆ. ಸ್ವಾಮಿಗಳ ಹೆಸರಿನಲ್ಲಿ ಬಂದ ಕರೆಯನ್ನೂ ಸಂಶಯಿಸುವುದು ಗುರುದ್ರೋಹವಲ್ಲ, ಅದು ವಿವೇಕ.

ಮುಂದಿನ ಅಮಾವಾಸ್ಯೆಯಿಂದ ಗೋಷ್ಠಿಗೆ ಮುಂಚೆ ಒಂದು ತಾಸು, ನಮ್ಮ ಭಕ್ತರಾದ ವಕೀಲರೊಬ್ಬರು ಮತ್ತು ನಿವೃತ್ತ ಬ್ಯಾಂಕ್ ನೌಕರರೊಬ್ಬರು ದಾಸೋಹ ಮಂಟಪದಲ್ಲಿ ಕೂಡುತ್ತಾರೆ. ಯಾವ ಹಿರಿಯರೇ ಆಗಲಿ ತಮ್ಮಲ್ಲಿರುವ ಕಾಗದಗಳನ್ನು ತಂದು ಅವರಿಂದ ಓದಿಸಿಕೊಳ್ಳಬಹುದು. ಸಹಿ ಮಾಡಿದ್ದಾದರೂ ಸರಿ, ಮಾಡಬೇಕಾದದ್ದಾದರೂ ಸರಿ. ಇದಕ್ಕೆ ಹಣವಿಲ್ಲ, ಅವರಿಗೆ ಇದೇ ಜಂಗಮಸೇವೆ. ನಿಮ್ಮ ಓಣಿಯಲ್ಲಿ ಒಬ್ಬಂಟಿಯಾಗಿರುವ ಹಿರಿಯರಿದ್ದರೆ ದಿನಕ್ಕೊಮ್ಮೆ “ಉಂಡ್ರೇನು?” ಎಂದು ಕೇಳಿ ಬನ್ನಿರಿ. ಮಾತಾಡಿಸುವವರಿದ್ದ ಮನೆಗೆ ಕಳ್ಳ ಬರಲು ಹೆದರುತ್ತಾನೆ, ಅವನು ಫೋನಿನಲ್ಲಿ ಬರುವವನೇ ಇರಲಿ.

ಚೀಟಿ ಬರೆದ ತರುಣರು ಈ ಸಭೆಯಲ್ಲಿ ಇರಬಹುದು. ಅವರು ಯಾರೆಂದು ನಾವು ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ಪ್ರಶ್ನೆಯನ್ನು ಕೇಳಿದ್ದರಲ್ಲಿಯೇ ಅವರ ಸದ್ಬುದ್ಧಿ ಇದೆ; ಪರಧನವೆಂಬ ಸಂಶಯವಾದರೂ ಅವರಿಗೆ ಬಂದಿತಲ್ಲ. ಇಂದು ಮನೆಗೆ ಹೋದ ಮೇಲೆ ನೀವೆಲ್ಲರೂ ಒಂದು ಕೆಲಸ ಮಾಡಿರಿ. ನಿಮ್ಮ ಬಳಿ ತಾಯಿತಂದೆಗಳ ಪಾಸ್‌ಬುಕ್ಕು, ಕಾರ್ಡು, ಉತಾರ, ಬಂಗಾರ ಏನಿದೆಯೋ ಅದನ್ನು ಅವರ ಮುಂದಿಟ್ಟು, “ಇದು ನಿಮ್ಮದು, ನಾನು ಕಾಯುತ್ತಿದ್ದೇನೆ” ಎಂದು ಹೇಳಿ ನಮಸ್ಕರಿಸಿರಿ. ಅವರು ಬಹುಶಃ ಮತ್ತೆ ನಿಮ್ಮ ಕೈಗೇ ಕೊಡುತ್ತಾರೆ. ಆಗ ಅದು ಪ್ರಸಾದ. ಪ್ರಸಾದಿಸ್ಥಲದ ನಿರೂಪಣೆಯನ್ನು ಬರುವ ಗೋಷ್ಠಿಯಲ್ಲಿ ಅಲ್ಲಿಂದಲೇ ಪ್ರಾರಂಭಿಸೋಣ.

ನಿಮ್ಮ ಮನೆಗಳಲ್ಲಿ ಹಿರಿಯರ ಮುಖ ನಗುತ್ತಿರಲಿ, ಅವರ ಕೈ ಕೊನೆಯ ತನಕ ಕೊಡುವ ಕೈಯಾಗಿರಲಿ ಎಂದು ಹಾರೈಸಿ ಈ ಆಶೀರ್ವಚನವನ್ನು ಮುಗಿಸುತ್ತೇವೆ.